ಕಂಪನಿ ಲ್ಯಾಪ್‌ಟಾಪ್‌ಗೆ ಬಿಟ್‌ಲಾಕರ್ ಬೀಗ: 48 ಅಂಕಿಯ ಕೀ ಎಲ್ಲಿರಬೇಕು?

ರೈಲಿನಲ್ಲೋ ಕ್ಯಾಬ್‌ನಲ್ಲೋ ಕಂಪನಿಯ ಲ್ಯಾಪ್‌ಟಾಪ್ ಕಳೆದುಹೋದರೆ, ಅದರ ಬೆಲೆಗಿಂತ ದೊಡ್ಡ ಚಿಂತೆ ಒಳಗಿರುವ ಗ್ರಾಹಕರ ಮಾಹಿತಿಯದ್ದು. ಲಾಗಿನ್ ಪಾಸ್‌ವರ್ಡ್ ಇದ್ದರೂ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಫೈಲ್‌ಗಳನ್ನು ಓದಬಹುದು. ಇದನ್ನು ತಡೆಯುವುದೇ ಡಿಸ್ಕ್ ಎನ್‌ಕ್ರಿಪ್ಷನ್. ವಿಂಡೋಸ್‌ನಲ್ಲಿ ಇದರ ಹೆಸರು ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್‌ನಲ್ಲಿ ಲಕ್ಸ್.

ಹೇಗೆ ಕೆಲಸ ಮಾಡುತ್ತದೆ?

ವಿಂಡೋಸ್ ವಿಸ್ತಾ ಕಾಲದಲ್ಲಿ ಬಂದ ಬಿಟ್‌ಲಾಕರ್, ಡಿಸ್ಕ್‌ನ ಡೇಟಾವನ್ನು ಗೂಢಲಿಪಿಗೆ ಬದಲಿಸುತ್ತದೆ. ಅದನ್ನು ತೆರೆಯುವ ಕೀಯನ್ನು ಮದರ್‌ಬೋರ್ಡ್‌ನ ಟಿಪಿಎಂ ಚಿಪ್ ಕಾಯುತ್ತದೆ. ಬಯೋಸ್ ಅಥವಾ ಹಾರ್ಡ್‌ವೇರ್ ಬದಲಾದಂತೆ ಕಂಡರೆ ಚಿಪ್ ಕೀ ಕೊಡುವುದಿಲ್ಲ. ಆಗ ಪರದೆಯ ಮೇಲೆ 48 ಅಂಕಿಯ ರಿಕವರಿ ಕೀ ಕೇಳಲಾಗುತ್ತದೆ.

ಕೀ ಕಳೆದರೆ ಡೇಟಾವೂ ಹೋಯಿತು

ಈ ಕೀ ಸಿಗದಿದ್ದರೆ, ಬೇರೆಡೆ ಬ್ಯಾಕಪ್ ಇಲ್ಲದ ಡೇಟಾ ಮಾಲೀಕರಿಗೂ ಸಿಗದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಬಿಟ್‌ಲಾಕರ್ ಹಾಕಿದ್ದ ಯಂತ್ರಗಳನ್ನು ಸರಿಪಡಿಸಲು ಹೋದ ಐಟಿ ಸಿಬ್ಬಂದಿಗೆ ಅನೇಕ ಕಡೆ ಮೊದಲು ಬೇಕಾದದ್ದು ಇದೇ ಕೀ.

ಕಂಪನಿಯ ನೀತಿಯಲ್ಲಿ ಏನಿರಬೇಕು?

* ರಿಕವರಿ ಕೀ ಆಕ್ಟಿವ್ ಡೈರೆಕ್ಟರಿ ಅಥವಾ ಎಂಟ್ರಾ ಐಡಿಯಲ್ಲಿ ಉಳಿದ ಬಳಿಕವೇ ಎನ್‌ಕ್ರಿಪ್ಷನ್ ಆರಂಭವಾಗಬೇಕು. ಗ್ರೂಪ್ ಪಾಲಿಸಿಯಲ್ಲಿ ಇದನ್ನು ಕಡ್ಡಾಯ ಮಾಡಬಹುದು.
* ಬಳಸಿದ ಹಳೆಯ ಡಿಸ್ಕ್ ಆದರೆ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ. ಇಲ್ಲದಿದ್ದರೆ ಅಳಿಸಿದ ಫೈಲ್‌ಗಳ ಕುರುಹು ಉಳಿಯಬಹುದು.
* ಎನ್‌ಕ್ರಿಪ್ಟ್ ಆಗದ ಪೆನ್‌ಡ್ರೈವ್‌ಗೆ ಫೈಲ್ ನಕಲು ಮಾಡುವುದನ್ನು ತಡೆಯಿರಿ.
* ಬಯೋಸ್ ಅಪ್‌ಡೇಟ್‌ಗೆ ಮುನ್ನ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಿರಿ.
* ಕೀ ನೋಡುವ ಅಧಿಕಾರ ಯಾರಿಗಿದೆ ಎಂಬುದು ಸ್ಪಷ್ಟವಾಗಿರಲಿ. ಒಮ್ಮೆ ಬಳಸಿದ ಕೀಯನ್ನು ಬದಲಿಸಿ.

ಉದ್ಯೋಗಿಗಳು ಗಮನಿಸಿ

ರಿಕವರಿ ಪರದೆ ಬಂದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಬೇಡಿ. ಪರದೆಯಲ್ಲಿ ಕಾಣುವ ಕೀ ಐಡಿಯನ್ನು ಐಟಿ ವಿಭಾಗಕ್ಕೆ ತಿಳಿಸಿ, ಹೊಂದುವ ಕೀಯನ್ನು ಅವರು ಹುಡುಕಿಕೊಡುತ್ತಾರೆ. ಕೀ ಬರೆದ ಚೀಟಿಯನ್ನು ಲ್ಯಾಪ್‌ಟಾಪ್ ಬ್ಯಾಗ್‌ನಲ್ಲೇ ಇಡುವುದು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ನೇತುಹಾಕಿದಂತೆ. ಇನ್ನೊಂದು ಮಾತು: ಲಾಗಿನ್ ಆದ ಮೇಲೆ ಬರುವ ವೈರಸ್, ಫಿಶಿಂಗ್, ರ‍್ಯಾನ್ಸಮ್‌ವೇರ್‌ಗಳನ್ನು ಬಿಟ್‌ಲಾಕರ್ ತಡೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

ವೈಯಕ್ತಿಕ ಡೇಟಾ ಸೋರಿಕೆ ತಡೆಯಲು ಸೂಕ್ತ ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ 250 ಕೋಟಿ ರೂ.ವರೆಗೆ ದಂಡ ವಿಧಿಸಲು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.