ಪಿತ್ತಕೋಶದ ಕಲ್ಲು: ಕತ್ತಿ ಮುಟ್ಟದ ಚಿಕಿತ್ಸೆಯ ಚರಿತ್ರೆ

ವಯಸ್ಸಾದವರ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಪಿತ್ತಕೋಶದಲ್ಲಿ ಕಲ್ಲು’ ಎಂಬ ಮಾತು ಕಂಡೊಡನೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಈ ವಯಸ್ಸಿನಲ್ಲಿ ಆಪರೇಷನ್ ತಡೆದುಕೊಂಡಾರೆ? ಆಪರೇಷನ್ ಇಲ್ಲದೆ ಕಲ್ಲನ್ನು ಕರಗಿಸಲು ಬರುವುದಿಲ್ಲವೆ? ಈ ಪ್ರಶ್ನೆಗಳು ಹೊಸವಲ್ಲ. ಇವುಗಳಿಗೆ ಉತ್ತರ ಹುಡುಕುತ್ತ ವೈದ್ಯಲೋಕ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ.

ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸವನ್ನು ಕೂಡಿಟ್ಟುಕೊಂಡು, ಊಟವಾದಾಗ ಸಣ್ಣಕರುಳಿಗೆ ಬಿಡುವ ಪುಟ್ಟ ಚೀಲವೇ ಪಿತ್ತಕೋಶ. ರಸದಲ್ಲಿ ಕೊಲೆಸ್ಟರಾಲ್ ಅತಿಯಾದರೆ ಅದು ಹರಳುಗಟ್ಟಿ ಕಲ್ಲಾಗುತ್ತದೆ. ಒಡೆದ ರಕ್ತಕಣಗಳಿಂದ ಬರುವ ಬಣ್ಣದ ಅಂಶವೂ ಕಲ್ಲಾಗಬಹುದು. ವಯಸ್ಸು ಏರಿದಂತೆ ಕಲ್ಲಿರುವವರ ಸಂಖ್ಯೆಯೂ ಏರುತ್ತದೆ.

1867ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ಜಾನ್ ಬಾಬ್ಸ್ ಎಂಬ ಶಸ್ತ್ರವೈದ್ಯ ಪಿತ್ತಕೋಶವನ್ನು ಕೊಯ್ದು ಕಲ್ಲುಗಳನ್ನಷ್ಟೇ ತೆಗೆದು ಹೊಲಿದ. 1882ರ ಜುಲೈ 15ರಂದು ಬರ್ಲಿನ್ನಿನ ಕಾರ್ಲ್ ಲಾಂಗನ್‌ಬುಕ್ ಇನ್ನೂ ಮುಂದೆ ಹೋಗಿ 43 ವರ್ಷದ ರೋಗಿಯೊಬ್ಬನ ಪಿತ್ತಕೋಶವನ್ನೇ ತೆಗೆದುಹಾಕಿದ. ಕಲ್ಲು ಹುಟ್ಟುವುದೇ ಆ ಚೀಲದಲ್ಲಿ, ಆದ್ದರಿಂದ ಚೀಲವೇ ಹೋಗಬೇಕು ಎಂಬುದು ಅವನ ವಾದ. ಮುಂದಿನ ನೂರು ವರ್ಷ ಈ ವಾದವೇ ನಡೆಯಿತು. ಆದರೆ ಪಕ್ಕೆಲುಬಿನ ಕೆಳಗೆ ಉದ್ದನೆಯ ಗಾಯ, ಅರಿವಳಿಕೆಯ ಅಪಾಯ, ವಾರಗಟ್ಟಲೆಯ ಚೇತರಿಕೆ: ದುರ್ಬಲ ಹೃದಯ, ಶ್ವಾಸಕೋಶಗಳ ವೃದ್ಧರಿಗೆ ಇದು ಸುಲಭದ ಮಾತಾಗಿರಲಿಲ್ಲ.

<b>ಕರಡಿಯ ಪಿತ್ತದಿಂದ ಮಾತ್ರೆಗೆ</b>

ಕಲ್ಲನ್ನು ಕರಗಿಸುವ ಆಸೆ ಶಸ್ತ್ರಕ್ರಿಯೆಗಿಂತ ಹಳೆಯದು. 18ನೇ ಶತಮಾನದಲ್ಲೇ ಫ್ರಾನ್ಸಿನ ಡಿಜೋನ್ ನಗರದ ವೈದ್ಯ ಡ್ಯುರಾಂಡ್ ಈಥರ್ ಹಾಗೂ ಟರ್ಪೆಂಟೈನ್ ಮಿಶ್ರಣವನ್ನು ರೋಗಿಗಳಿಗೆ ಕುಡಿಸುತ್ತಿದ್ದ. ಚೀನಾದಲ್ಲಿ ಕರಡಿಯ ಪಿತ್ತ ಬಹುಕಾಲದ ಔಷಧಿ. ಅದರಿಂದ ಒಂದು ಆಮ್ಲವನ್ನು ಜಪಾನಿನ ಶೋಡಾ 1927ರಲ್ಲಿ ಹರಳುರೂಪದಲ್ಲಿ ಬೇರ್ಪಡಿಸಿ ‘ಉರ್ಸೋ’ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ‘ಉರ್ಸಸ್’ ಎಂದರೆ ಕರಡಿ.

1972ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಪಿತ್ತರಸದ್ದೇ ಮತ್ತೊಂದು ಆಮ್ಲವಾದ ‘ಕೀನೋ’ವನ್ನು ಬಾಯಿಯ ಮೂಲಕ ಕೊಟ್ಟು ಕಲ್ಲು ಕರಗಿದ್ದನ್ನು ತೋರಿಸಿದಾಗ ಸಂಭ್ರಮವೋ ಸಂಭ್ರಮ. ಆದರೆ 916 ಮಂದಿಯ ಮೇಲೆ ನಡೆದ ಅಮೆರಿಕದ ದೊಡ್ಡ ಅಧ್ಯಯನದ ಫಲಿತಾಂಶ 1981ರಲ್ಲಿ ಬಂದಾಗ ಉತ್ಸಾಹ ಇಳಿಯಿತು. ಹೆಚ್ಚಿನ ಪ್ರಮಾಣದಲ್ಲಿ ಎರಡು ವರ್ಷ ಮಾತ್ರೆ ನುಂಗಿದವರಲ್ಲೂ ಕಲ್ಲು ಪೂರ್ತಿ ಕರಗಿದ್ದು ಶೇಕಡ 13.5 ಮಂದಿಯಲ್ಲಿ ಮಾತ್ರ. ಭೇದಿಯ ಕಾಟ ಬೇರೆ. ಅದಕ್ಕಿಂತ ಸೌಮ್ಯವಾದ ಉರ್ಸೋ ಮಾತ್ರೆ ಉಳಿದುಕೊಂಡಿತು. ಆದರೆ ಅದಕ್ಕೂ ಕರಾರುಗಳಿವೆ. ಕಲ್ಲು ಕೊಲೆಸ್ಟರಾಲಿನದ್ದಾಗಿರಬೇಕು, ಚಿಕ್ಕದಿರಬೇಕು, ಅದರಲ್ಲಿ ಸುಣ್ಣ ಸೇರಿರಬಾರದು, ಪಿತ್ತಕೋಶ ಕೆಲಸ ಮಾಡುತ್ತಿರಬೇಕು. ದಕ್ಷಿಣ ಭಾರತದಲ್ಲಿ ಬಣ್ಣದ ಅಂಶದ ಕಲ್ಲುಗಳು ಬಹಳವಾಗಿ ಕಂಡುಬಂದಿವೆ. ಅವು ಈ ಮಾತ್ರೆಗೆ ಜಗ್ಗುವುದಿಲ್ಲ. ಕರಗಿದರೂ ಮಾತ್ರೆ ನಿಲ್ಲಿಸಿದ ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಕಲ್ಲು ಮತ್ತೆ ಹುಟ್ಟುತ್ತದೆ. ಚೀಲದ ಬಗ್ಗೆ ಲಾಂಗನ್‌ಬುಕ್ ಹೇಳಿದ್ದು ಸುಳ್ಳಾಗಲಿಲ್ಲ.

ಆಘಾತ ತರಂಗಗಳಿಂದ ಮೂತ್ರಪಿಂಡದ ಕಲ್ಲು ಒಡೆಯುವ ಚಿಕಿತ್ಸೆ 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಆರಂಭವಾಯಿತು. 1985ರಲ್ಲಿ ಅದನ್ನು ಅಲ್ಲಿಯೇ ಪಿತ್ತಕೋಶಕ್ಕೂ ಬಳಸಲಾಯಿತು. ಮೂತ್ರಪಿಂಡದಲ್ಲಿ ಒಡೆದ ಚೂರುಗಳು ಮೂತ್ರದೊಂದಿಗೆ ಹೊರಬರುತ್ತವೆ. ಪಿತ್ತಕೋಶದ ಚೂರುಗಳು ಮಾತ್ರ ಕಿರಿದಾದ ನಾಳದಲ್ಲಿ ನುಸುಳಬೇಕು, ಸಿಕ್ಕಿಕೊಂಡರೆ ಹೊಸ ತೊಂದರೆ. ಅದೇ 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗನ್‌ನಲ್ಲಿ ಎರಿಕ್ ಮ್ಯೂ ಸಣ್ಣ ರಂಧ್ರಗಳ ಮೂಲಕವೇ ಪಿತ್ತಕೋಶವನ್ನು ತೆಗೆದ. ಈ ವಿಧಾನ ಹಬ್ಬಿದ ಮೇಲೆ ಕಲ್ಲು ಕರಗಿಸುವ, ಒಡೆಯುವ ಪ್ರಯತ್ನಗಳು ಹಿಂದೆ ಸರಿದವು.

<b>ನಾಳ ತೆರೆಯುವ ದಾರಿ</b>

ವೃದ್ಧರಿಗೆ ನಿಜವಾಗಿ ನೆರವಾದ ಬದಲಾವಣೆ ಬಂದದ್ದು ಬೇರೆ ಕಡೆಯಿಂದ. ಕಲ್ಲು ಚೀಲದಿಂದ ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಚಳಿಜ್ವರ, ನಂಜು. ಜೀವಕ್ಕೇ ಅಪಾಯ. 1974ರಲ್ಲಿ ಜರ್ಮನಿಯ ಎರ್ಲಾಂಗನ್ ಮತ್ತು ಜಪಾನಿನ ಕ್ಯೋಟೊದ ವೈದ್ಯರು ಬೇರೆಬೇರೆಯಾಗಿ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ನಾಳದ ಬಾಯಿಯನ್ನು ಕೊಯ್ದು ತೆರೆಯುವ ವಿಧಾನವನ್ನು ಪ್ರಕಟಿಸಿದರು. ಹೊಟ್ಟೆ ಕೊಯ್ಯದೆ ನಾಳದ ಕಲ್ಲನ್ನು ತೆಗೆಯುವುದು ಇದರಿಂದ ಸಾಧ್ಯವಾಯಿತು. ಉರಿಯೂತದಿಂದ ಬಾತ ಪಿತ್ತಕೋಶಕ್ಕೆ ಚರ್ಮದ ಮೂಲಕ ಕೊಳವೆ ಹಾಕಿ ಕೀವು ಹರಿಸುವ ಕ್ರಮವೂ 1980ರ ದಶಕದಲ್ಲಿ ಬಳಕೆಗೆ ಬಂತು.

ಜೊತೆಗೆ ಇನ್ನೊಂದು ಅರಿವು ಮೂಡಿತು: ತೊಂದರೆ ಕೊಡದ ಕಲ್ಲನ್ನು ಅದರ ಪಾಡಿಗೆ ಬಿಡಬಹುದು. ಮಿಷಿಗನ್ ವಿಶ್ವವಿದ್ಯಾಲಯದ 123 ಅಧ್ಯಾಪಕರಲ್ಲಿ, ಅವರಲ್ಲಿ ಬಹುಪಾಲು ಗಂಡಸರು, ತಪಾಸಣೆಯಲ್ಲಿ ಕಲ್ಲು ಸಿಕ್ಕಿತ್ತು, ನೋವು ಇರಲಿಲ್ಲ. 1982ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, 15 ವರ್ಷಗಳಲ್ಲಿ ನೋವು ಕಾಣಿಸಿಕೊಳ್ಳುವ ಸಂಭವ ಶೇಕಡ 18. ಕಲ್ಲಿನಿಂದ ಯಾರೂ ಸಾಯಲಿಲ್ಲ.

ಹಾಗೆಂದು ‘ವಯಸ್ಸಾಗಿದೆ, ಆಪರೇಷನ್ ಬೇಡ’ ಎಂದು ಕಣ್ಣುಮುಚ್ಚಿ ಹೇಳುವುದೂ ಸಲ್ಲದು. ತೀವ್ರ ಉರಿಯೂತವಿದ್ದು ಶಸ್ತ್ರಕ್ರಿಯೆಯ ಅಪಾಯವೂ ಹೆಚ್ಚಿದ್ದ 142 ರೋಗಿಗಳ ಮೇಲೆ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಪ್ರಯೋಗದ ಫಲ 2018ರಲ್ಲಿ ಪ್ರಕಟವಾಯಿತು. ಗಂಭೀರ ತೊಡಕುಗಳು ರಂಧ್ರದ ಶಸ್ತ್ರಕ್ರಿಯೆ ಆದವರಲ್ಲಿ ಶೇಕಡ 12, ಕೊಳವೆ ಹಾಕಿಸಿಕೊಂಡವರಲ್ಲಿ ಶೇಕಡ 65. ಕತ್ತಿಯನ್ನು ತಪ್ಪಿಸುವುದೇ ಸುರಕ್ಷಿತ ಎಂಬ ನಂಬಿಕೆಯನ್ನು ಇದು ಅಲುಗಾಡಿಸಿತು. ಶಸ್ತ್ರಕ್ರಿಯೆ ತಾಳದಷ್ಟು ನಿತ್ರಾಣರಾದವರಿಗೆ ಮಾತ್ರ ಕೊಳವೆ ಇಂದಿಗೂ ಆಸರೆ.

ಮನೆಮದ್ದಿನ ಮಾತು ಇಲ್ಲಿ ಬಾರದಿರದು. ಮೂತ್ರಪಿಂಡದ ಕಲ್ಲಿಗೆಂದು ನಮ್ಮಲ್ಲಿ ಕುಡಿಯುವ ಬಾಳೆದಿಂಡಿನ ರಸ ಪಿತ್ತಕೋಶವನ್ನು ತಲುಪುವುದಿಲ್ಲ. ಎರಡೂ ಬೇರೆ ಅಂಗ, ಬೇರೆ ಕಲ್ಲು. ಆಲಿವ್ ಎಣ್ಣೆ, ನಿಂಬೆರಸ ಕುಡಿದ ಮರುದಿನ ಮಲದಲ್ಲಿ ಕಾಣುವ ಹಸಿರು ಉಂಡೆಗಳನ್ನು ಕಲ್ಲೆಂದು ನಂಬುವವರೂ ಉಂಟು. ಅಂಥ ಉಂಡೆಗಳನ್ನು ಪರೀಕ್ಷಿಸಿದ ವೈದ್ಯರು, ಅವು ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾದದ್ದು ಎಂದು 2005ರಲ್ಲಿ ತಿಳಿಸಿದರು.

ನೋವಿಲ್ಲದ ಕಲ್ಲಿಗೆ ಕಾಯುವುದೇ ಚಿಕಿತ್ಸೆ. ನಾಳದ ಕಲ್ಲಿಗೆ ಎಂಡೋಸ್ಕೋಪ್. ಮತ್ತೆಮತ್ತೆ ಕಾಡುವ ಕಲ್ಲಿಗೆ, ದೇಹ ತಾಳುವುದಾದರೆ, ಶಸ್ತ್ರಕ್ರಿಯೆ. ಇಷ್ಟು ದೀರ್ಘ ಹುಡುಕಾಟದ ಸಾರ ಇದು. ಆದರೆ ಮುಪ್ಪಿನಲ್ಲಿ ನೋವು ಮಂದವಾಗಿರಬಹುದು. ಊಟ ಸೇರದಿರುವುದು, ಮಂಕು ಕವಿಯುವುದು ಮಾತ್ರವೇ ಕಂಡೀತು. ಇದರೊಂದಿಗೆ ಜ್ವರವೋ ಹಳದಿಗಣ್ಣೋ ಸೇರಿದರೆ ಕಾಯುವ ಮಾತಿಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಹುಟ್ಟಿದ ವರ್ಷ ನೋಡಿ ಆಗುವ ತೀರ್ಮಾನ ಇದಲ್ಲ. ಕಲ್ಲು ಎಲ್ಲಿದೆ, ಏನು ಮಾಡುತ್ತಿದೆ, ರೋಗಿಯ ತ್ರಾಣ ಎಷ್ಟು ಎಂಬುದನ್ನು ನೋಡಿ ಆಗಬೇಕಾದದ್ದು.