ಹಳೆಯ ಕಾರು ಮನೆಯ ಸಿ.ಡಿ.ಯನ್ನು ಏಕೆ ಓದದು?

ನಿಮ್ಮ ಬಳಿ ಹಳೆಯ ಕಾರೊಂದಿದ್ದರೆ ಈ ವಿಚಿತ್ರವನ್ನು ನೀವು ಗಮನಿಸಿರಬಹುದು. ಅಂಗಡಿಯಿಂದ ತಂದ ಸಿ.ಡಿ. ಹಾಕಿದರೆ ನವಲಗುಂದದಿಂದ ಹುಬ್ಬಳ್ಳಿ ಮುಟ್ಟುವವರೆಗೂ ತಡೆಯಿಲ್ಲದೆ ಹಾಡುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಬರೆದುಕೊಂಡ ಸಿ.ಡಿ. ಹಾಕಿದರೆ ಯಂತ್ರ ಒಂದೆರಡು ಬಾರಿ ಗುರುಗುಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ಅದೇ ಸಿ.ಡಿ. ಕಂಪ್ಯೂಟರಿನಲ್ಲಿ ಸರಿಯಾಗಿಯೇ ಹಾಡುತ್ತದೆ. ಹಾಗಾದರೆ ದೋಷ ತಟ್ಟೆಯದೋ ಯಂತ್ರದ್ದೋ? ಬಹುಮಟ್ಟಿಗೆ ಎರಡರದ್ದೂ ಅಲ್ಲ. ಇವೆರಡೂ ಹುಟ್ಟಿದ ಕಾಲ ಬೇರೆ ಬೇರೆ.

ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿದ ಮಾನಕಕ್ಕೆ ಅನುಗುಣವಾದ ಮೊದಲ ಸಿ.ಡಿ. ಪ್ಲೇಯರ್ 1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಿತು. ಸಂಗೀತದ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಂಕಿಗಳನ್ನು ಪಾಲಿಕಾರ್ಬೊನೇಟ್ ತಟ್ಟೆಯಲ್ಲಿ ಸೂಕ್ಷ್ಮ ಗುಳಿಗಳ ಸುರುಳಿ ಸಾಲಾಗಿ ಒತ್ತಿ, ಮೇಲೆ ಅಲ್ಯೂಮಿನಿಯಂ ಲೇಪಿಸಲಾಗುತ್ತದೆ. ಸಾಲಿನಿಂದ ಸಾಲಿಗೆ 1.6 ಮೈಕ್ರೊಮೀಟರ್ ಅಂತರ. ಇದನ್ನು ಓದುವುದು 780 ನ್ಯಾನೊಮೀಟರ್ ತರಂಗದೂರದ ಅವಗೆಂಪು ಲೇಸರ್. ಪಾಲಿಕಾರ್ಬೊನೇಟಿನ ವಕ್ರೀಭವನಾಂಕ ಸುಮಾರು 1.55 ಆದುದರಿಂದ ತಟ್ಟೆಯೊಳಗೆ ಈ ತರಂಗದೂರ 500 ನ್ಯಾನೊಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಗುಳಿಯ ಆಳ ಹೆಚ್ಚು ಕಡಿಮೆ ಇದರ ಕಾಲುಭಾಗ. ಹೀಗಾಗಿ ಗುಳಿಗೆ ಬಡಿದ ಬೆಳಕು ಮತ್ತು ಪಕ್ಕದ ಸಮತಲಕ್ಕೆ ಬಡಿದ ಬೆಳಕು ಹಿಂದಿರುಗುವಾಗ ಅರ್ಧ ತರಂಗದಷ್ಟು ಹಿಂದುಮುಂದಾಗಿ ಒಂದನ್ನೊಂದು ಅಳಿಸುತ್ತವೆ. ನೀವು ಪಿ.ಯು.ಸಿ.ಯಲ್ಲಿ ಓದಿದ ವ್ಯತಿಕರಣವೇ ಇದು. (ಲೇಸರ್ ಕೆಳಗಿನಿಂದ ನೋಡುವುದರಿಂದ ಅದರ ಪಾಲಿಗೆ ಇವು ಗುಳಿಗಳಲ್ಲ, ದಿಬ್ಬಗಳು!) ಸಮತಲದಿಂದಲಾದರೋ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಬೆಳಕು ಮರಳುತ್ತದೆ. 1984ರಲ್ಲಿ ಪಯೋನಿಯರ್ ಕಂಪನಿ ಕಾರಿಗೆ ಸಿ.ಡಿ. ಪ್ಲೇಯರ್ ತಂದಾಗ ಎಂಜಿನಿಯರುಗಳ ಕಣ್ಣ ಮುಂದಿದ್ದುದು ಈ ಹೊಳೆಯುವ ತಟ್ಟೆ ಮಾತ್ರ.

ಮನೆಯಲ್ಲಿ ಬರೆಯಬಲ್ಲ ಸಿ.ಡಿ.-ಆರ್. ತಟ್ಟೆಯನ್ನು ಜಪಾನಿನ ತೈಯೊ ಯೂಡೆನ್ ಕಂಪನಿ ರೂಪಿಸಿದ್ದು 1988ರಲ್ಲಿ. ಇದರಲ್ಲಿ ಗುಳಿಗಳೇ ಇಲ್ಲ. ಲೋಹದ ಪದರದ ಕೆಳಗೆ ಸಾವಯವ ಬಣ್ಣದ ತೆಳು ಲೇಪವಿರುತ್ತದೆ. ಬರೆಯುವ ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಮಂಕಾಗಿಸುತ್ತದೆ. ಯಂತ್ರಕ್ಕೆ ಈ ಮಂಕು ಕಲೆಗಳೇ ಗುಳಿಗಳಂತೆ ತೋರಬೇಕು. ನಿಯಮದಂತೆ ಇದು ನೂರಕ್ಕೆ 65ರಷ್ಟಾದರೂ ಬೆಳಕನ್ನು ಮರಳಿಸಬೇಕು. ಅಂಕಿಗಳಲ್ಲಿ ವ್ಯತ್ಯಾಸ ಅಲ್ಪವೇ. ಆದರೆ ವರ್ಷಗಳು ಕಳೆದಂತೆ ಯಂತ್ರದ ಲೇಸರ್ ಸೊರಗುತ್ತದೆ. ನಮ್ಮ ಎರೆ ಹೊಲಗಳ ನಡುವೆ ಬೇಸಿಗೆಯಲ್ಲಿ ಓಡಾಡುವ ಕಾರಿನಲ್ಲಿ ಮಸೂರದ ಮೇಲೆ ಧೂಳೂ ಕೂರುತ್ತದೆ. ಒತ್ತಿದ ತಟ್ಟೆ ಈ ನಷ್ಟವನ್ನು ತಾಳಿಕೊಳ್ಳುತ್ತದೆ, ಬರೆದ ತಟ್ಟೆ ತಾಳದು. ಅಳಿಸಿ ಬರೆಯಬಲ್ಲ ಸಿ.ಡಿ.-ಆರ್.ಡಬ್ಲ್ಯು. ಬಂದದ್ದು 1997ರಲ್ಲಿ. ಅದು ಮರಳಿಸುವುದು ನೂರಕ್ಕೆ 15ರಿಂದ 25 ಮಾತ್ರ. ಹಳೆಯ ಯಂತ್ರಕ್ಕೆ ಅದು ಕಾಣುವುದೇ ಇಲ್ಲವೆಂದರೂ ಸರಿ.

ಆದುದರಿಂದ ಮೊದಲು ತಟ್ಟೆಯ ಮೇಲಿನ ಅಕ್ಷರಗಳನ್ನು ಓದಿ. ಆರ್.ಡಬ್ಲ್ಯು. ಎಂದಿದ್ದರೆ ಯಂತ್ರ ಬಿಚ್ಚಿಸುವ ಖರ್ಚು ದಂಡ. ಅದು ಸಿ.ಡಿ.-ಆರ್. ಆಗಿದ್ದರೆ ಒಳಗಿರುವುದೇನೆಂದು ನೋಡಿ. ಎಂ.ಪಿ.3 ಕಡತಗಳನ್ನು ಹಾಗೆಯೇ ನಕಲಿಸಿದ್ದರೆ ಅವನ್ನು ಬಿಡಿಸಿ ಓದುವ ಚಿಪ್ ಹಳೆಯ ಸ್ಟೀರಿಯೊದಲ್ಲಿರುವುದಿಲ್ಲ, ಆಡಿಯೊ ಸಿ.ಡಿ. ರೂಪದಲ್ಲೇ ಬರೆಯಬೇಕು. ಬರೆದ ಮೇಲೆ ‘ಫೈನಲೈಸ್’ ಮಾಡದಿದ್ದರೆ ತಟ್ಟೆಯ ಒಳ ಅಂಚಿನಲ್ಲಿರಬೇಕಾದ ಹಾಡುಗಳ ಪಟ್ಟಿ ಪೂರ್ಣವಾಗುವುದಿಲ್ಲ, ಪಟ್ಟಿ ಸಿಗದ ಯಂತ್ರ ಅಲ್ಲಿಗೇ ಕೈಚೆಲ್ಲುತ್ತದೆ. 80 ನಿಮಿಷದ ತಟ್ಟೆಗಳಲ್ಲಿ ಸಾಲುಗಳು ತುಸು ಒತ್ತಾಗಿರುವುದರಿಂದ 74 ನಿಮಿಷದ್ದು ಸಿಕ್ಕರೆ ವಾಸಿ. ವೇಗ ಕಡಿಮೆಯಾದಷ್ಟೂ ಬರಹ ಚೆನ್ನ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೆಚ್ಚಿನ ವೇಗಕ್ಕೆಂದೇ ಹದಗೊಳಿಸಿದ ಬಣ್ಣ ಅತಿ ನಿಧಾನದಲ್ಲಿ ಕೆಡಬಹುದು. ನಡುವಿನ ವೇಗ ಸಾಕು.

ಇದು ಬರೀ ಪ್ರಯಾಣದ ಬೇಸರ ಕಳೆಯುವ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಇದೇ ಜಿಲ್ಲೆಯ ಕುಂದಗೋಳದ ಸವಾಯಿ ಗಂಧರ್ವರ (1886–1952) ಕಾಲ 78 ಆರ್.ಪಿ.ಎಂ. ತಟ್ಟೆಗಳದು, ಒಂದು ಬದಿಗೆ ಮೂರು ನಿಮಿಷದ ಚಿಲ್ಲರೆ ಹಾಡು. ಅಚ್ಚಿನಿಂದ ಒತ್ತಿದ ತಟ್ಟೆಗಳಾದ್ದರಿಂದ ಒಂದು ಒಡೆದರೂ ಇನ್ನೊಂದು ಎಲ್ಲೋ ಉಳಿಯುವ ಸಂಭವವಿತ್ತು. ನಿಮ್ಮ ಅಜ್ಜಿಯ ಬೀಸುವ ಪದವನ್ನೋ ಓಣಿಯ ಭಜನಾ ಮೇಳವನ್ನೋ ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಇಳಿಸಿಕೊಂಡಿದ್ದರೆ, ಮೂಲ ಕ್ಯಾಸೆಟ್ ಈಗಾಗಲೇ ಹಾಳಾಗಿದ್ದರೆ, ಇರುವುದು ಅದೊಂದೇ. ಬಣ್ಣ ಬಿಸಿಲಿಗೂ ಬಿಸಿಗೂ ಮಾಸುತ್ತದೆ. ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರು ಅದಕ್ಕೆ ತೀರ ಕೆಟ್ಟ ಜಾಗ. ಕಾರು ತಿರಸ್ಕರಿಸಿದ ಸಿ.ಡಿ.ಯನ್ನು ಎಸೆಯಬೇಡಿ. ಕಂಪ್ಯೂಟರಿನ ಡ್ರೈವ್ ಇನ್ನೂ ಓದುತ್ತಿರುವಾಗಲೇ ಅದರ ಹಾಡುಗಳನ್ನು ಸಂಕುಚಿಸದೆ ವೇವ್ ಕಡತಗಳಾಗಿ ಎರಡು ಬೇರೆ ಕಡೆ ಉಳಿಸಿಕೊಳ್ಳಿ. ಕಾರಿಗೆಂದು ಹೊಸ ತಟ್ಟೆಯೊಂದನ್ನು ಬರೆಯಿರಿ. ಅದಕ್ಕೆ ಕಾಗದದ ಚೀಟಿ ಅಂಟಿಸಬೇಡಿ, ಬಿಸಿಗೆ ಅಂಟು ಬಿಟ್ಟರೆ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ. ಹೆಸರನ್ನು ನೀರಿನ ಶಾಯಿಯ ಮಾರ್ಕರಿನಿಂದ ನಡುವಿನ ಪಾರದರ್ಶಕ ಉಂಗುರದ ಮೇಲಷ್ಟೇ ಬರೆಯಿರಿ. ಅಲ್ಲಿ ಬಣ್ಣವೂ ಇಲ್ಲ, ಹಾಡೂ ಇಲ್ಲ.