ಮಳಖೇಡಕ್ಕೆ ಬಂದ ಪರದೇಶಿ

ವಾಡಿಯಲ್ಲಿ ಮುಂಬೈ ರೈಲು ಹತ್ತೋ ನಮ್ಮ ಕಡೆ ಮಂದಿಗೆ ಮನೆಯವರು ಕೇಳೋದು ಒಂದೇ ಮಾತು: ಅಲ್ಲಿ ನಮ್ಮವರು ಯಾರದಾರ? ಪರಊರಲ್ಲಿ ನೆಲೆ ನಿಲ್ಲೋದು ಊರು ನೋಡಿಯಲ್ಲ, ಆಸರೆ ನೋಡಿ ಅಂತ ನನಗೂ ಅನಿಸುತ್ತದೆ.

ಸೇಡಂ ತಾಲೂಕಿನ ಮಳಖೇಡವೇ ಇದಕ್ಕೆ ಸಾಕ್ಷಿ. ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 959ರ ಸುಮಾರಿಗೆ ಇಲ್ಲಿಗೆ ಬಂದ ಅಪಭ್ರಂಶ ಕವಿ ಪುಷ್ಪದಂತ ಊರೊಳಗೆ ಕಾಲಿಡದೆ ಹೊರಗಿನ ತೋಪಿನಲ್ಲೇ ಕೂತ. ಅರಸರ ಸಹವಾಸ ಅವನಿಗೆ ಸಾಕಾಗಿತ್ತು. ಇಬ್ಬರು ಬಂದು, ಒಪ್ಪಿಸಿ, ಮಂತ್ರಿ ಭರತನ ಮನೆಗೆ ಕರೆದೊಯ್ದರು. ಆ ಆಸರೆಯಲ್ಲೇ 965ರಲ್ಲಿ ಅವನ ‘ಮಹಾಪುರಾಣ’ ಮುಗಿಯಿತು.

972ರಲ್ಲಿ ಧಾರೆಯ ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆ ಮಾಡಿದ. ಊರೊಳಗೆ ಬರಲೊಲ್ಲೆ ಅಂದಿದ್ದ ಕವಿ, ಸುಟ್ಟ ಊರು ಕಂಡು, ಇನ್ನು ತಾನೆಲ್ಲಿ ಇರಬೇಕು ಅಂತ ಹಲುಬಿದ.